ಎರಡು ಸಮವಸ್ತ್ರ

ಯುದ್ಧದ ಹೊಗೆಯನ್ನೂ ಕಾಣದ ನಾನು ಇದನ್ನು ಹೇಳಹೊರಟಿದ್ದು ಅಧಿಕಪ್ರಸಂಗವೇ ಇರಬೇಕು, ಮನ್ನಿಸಿ.

ಗಿಲ್‌ರಾಯ್‌ನಿಂದ ಓಕ್ಲ್ಯಾಂಡಿನ ಸ್ಮಶಾನದತ್ತ ಕಾರು ಓಡಿಸುತ್ತ ಮೈಥಿಲಿ ಮಾತಿಗೆ ಹುಡುಕಾಡುತ್ತಿದ್ದಳು. ಪಕ್ಕದಲ್ಲಿ ಮುದುಕ ಬ್ರೋನೆಕ್. ತೊಡೆಯ ಮೇಲೆ ಮಡಿಸಿದ ಪೋಲೆಂಡಿನ ಬಿಳಿ-ಕೆಂಪು ಬಾವುಟ. ತೀರಿಕೊಂಡ ಅಲೋಯಿ ಮೈಥಿಲಿ ಬಾಡಿಗೆಗಿದ್ದ ಮನೆಯ ಒಡೆಯ. ಅವನೂ ಬ್ರೋನೆಕ್ಕನೂ ಪೋಲೆಂಡಿನವರು; ಎರಡನೇ ಮಹಾಯುದ್ಧದಲ್ಲಿ ದೇಶ ಕಳೆದುಕೊಂಡು, ಇಟಲಿಯಲ್ಲಿ ಬ್ರಿಟಿಷರ ಸೇನೆಯ ಕೆಳಗೆ ಸ್ವಇಚ್ಛೆಯಿಂದ ಕಾದಿದವರು. ಶವಪೆಟ್ಟಿಗೆಗೆ ಬಾವುಟ ಹೊದಿಸುವವನು ಜೊತೆಯ ಸೈನಿಕನೇ ಆಗಬೇಕೆಂದು ಅಲೋಯಿಯ ಹೆಂಡತಿ ಯಾದ್ವಿಗಾ ಹಟ ಹಿಡಿದಿದ್ದಳು. ಅಂಥವರಲ್ಲಿ ಉಳಿದಿದ್ದವನು ಬ್ರೋನೆಕ್ ಒಬ್ಬನೇ.

"ನಿಮ್ಮ ಸ್ನೇಹಿತರು ಧೈರ್ಯಸ್ಥರು," ಎಂದಳು ಮೈಥಿಲಿ. "ಜರ್ಮನ್ನರು ಬಲವಂತವಾಗಿ ಸೇನೆಗೆ ಸೇರಿಸ್ಕೊಂಡಿದ್ರೂ, ಸೆರೆಸಿಕ್ಕಿದ ಮೇಲೆ ನಿಮ್ಮ ಕಡೆ ಬಂದ್ರಲ್ಲ."

"ಯಾವ ಸೇನೆಗೆ?"

"ನಿಮಗೆ ಗೊತ್ತಿದೆ ಅಂದ್ಕೊಂಡೆ."

"ಎಲ್ಲಿ ಸೆರೆಸಿಕ್ಕಿದ?"

"ಇಟಲೀಲೇ. ಯಾವುದೋ ಬೆಟ್ಟ ಅಂದಿದ್ರು."

"ನನ್ನ ತಮ್ಮ ಸತ್ತಿದ್ದೂ ಅಲ್ಲಿನ ಬೆಟ್ಟದ ಮೇಲೆ, ಜರ್ಮನ್ನರ ಗುಂಡಿಗೆ," ಎಂದ ಬ್ರೋನೆಕ್.

*

ಹಿಂದಿನ ಚಳಿಗಾಲ ಅಲೋಯಿ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಮೈಥಿಲಿಗೆ ಹೇಳಿದ್ದ: "ಎರಡು ಸಮವಸ್ತ್ರ ಹಾಕಿದವನು ನಾನು. ಒಂದು ಅವರು ತೊಡಿಸಿದ್ದು, ಇನ್ನೊಂದು ನಾನೇ ಕೇಳಿ ತೊಟ್ಟಿದ್ದು. ನೀನು ಹೊರಗಿನವಳು, ಅದಕ್ಕೆ ಹೇಳ್ತಿದೀನಿ."

ಬೇರೆ ಯಾರಿಗೆ ಗೊತ್ತು ಎಂದು ಅವಳು ಕೇಳಿರಲಿಲ್ಲ.

*

ಸ್ಮಶಾನದ ಗೇಟಿನಲ್ಲಿ ಗಂಡ ತಿರುಮಲೇಶ ವಾಚು ನೋಡುತ್ತ ನಿಂತಿದ್ದ. "ಎರಡಕ್ಕೆ ಡೆಮೋ ಇದೆ ಕಣೇ. ಅದು ಕೆಟ್ರೆ ನಮ್ಮ ಸ್ಟಾರ್ಟಪ್ಪಿಗೂ ಇಲ್ಲೇ ಒಂದು ಗುಂಡಿ ಬುಕ್ ಮಾಡ್ಬೇಕು. ಎಲ್ಲಿ ನಿನ್ನ ಸೋಲ್ಜರ್ರು?"

"ಕಾರಿಂದ ಇಳೀತಿಲ್ಲ."

"ಯಾಕೆ? ಏನಂದೆ?"

"ಒಳ್ಳೇದನ್ನೇ ಅಂದೆ ರೀ. ಸತ್ತವರ ಬಗ್ಗೆ ಒಳ್ಳೇ ಮಾತು ಆಡ್ಬಾರ್ದಾ?"

ಅವಳು ಕಾರಿನ ಕಿಟಕಿಗೆ ಬಗ್ಗಿದಳು. "ತಪ್ಪು ನಂದು. ಅವರ ಹೆಂಡತಿಗೋಸ್ಕರ ಆದ್ರೂ ಬನ್ನಿ."

"ಇದನ್ನ ಅವನಿಗೆ ಹೊದಿಸಿಬಿಟ್ಟು ನನ್ನ ತಮ್ಮನಿಗೆ ಏನು ಹೇಳ್ಲಿ?"

ಯಾದ್ವಿಗಾ ಹುಲ್ಲಿನ ಮೇಲೆ ನಿಧಾನವಾಗಿ ನಡೆದು ಬಂದಳು. "ಕಾಲು ನೋವಾ, ಬ್ರೋನೆಕ್?"

"ಹೌದು. ಕಾಲು."

"ಹಾಗಾದ್ರೆ ಕೊಡು. ನಾನೇ ಹೊದಿಸ್ತೀನಿ."

ಅವಳು ಬಾವುಟದ ಅಂಚು ಹಿಡಿದಳು. ಅವನು ಮುಷ್ಟಿ ಸಡಿಲಿಸಲಿಲ್ಲ. ಎರಡು ಮುದಿ ಕೈಗಳ ನಡುವೆ ಬಟ್ಟೆ ಬಿಗಿಯಾಯಿತು. ಯಾದ್ವಿಗಾ ಮೈಥಿಲಿಯ ಕಡೆ ತಿರುಗಿದಳು.

"ದಾರೀಲಿ ಏನು ಮಾತಾಡಿದ್ರಿ?"

"ಟ್ರಾಫಿಕ್ಕು," ಎಂದಳು ಮೈಥಿಲಿ.

ಯಾದ್ವಿಗಾ ಅಂಚನ್ನು ಬಿಟ್ಟಳು. ಮರದ ಪೆಟ್ಟಿಗೆ ಬಾವುಟದ ಹೊದಿಕೆಯಿಲ್ಲದೆ ಗುಂಡಿಗೆ ಇಳಿಯಿತು. ಅದರ ಮೇಲೆ ಬಿದ್ದ ಮೊದಲ ಹಿಡಿ ಮಣ್ಣಿನ ಸದ್ದು ಕಾರಿನವರೆಗೂ ಕೇಳಿಸಿತು.

ಜರ್ಮನ್ ಸಮವಸ್ತ್ರದಲ್ಲಿ ಅಲೋಯಿ ಇದ್ದದ್ದು ಬ್ರೋನೆಕ್ಕನ ತಮ್ಮ ಸತ್ತ ಅದೇ ಬೆಟ್ಟದಲ್ಲೋ, ಯಾದ್ವಿಗಾಗೆ ಇದೆಲ್ಲ ಮೊದಲೇ ಗೊತ್ತಿತ್ತೋ, ನನಗೆ ಗೊತ್ತಿಲ್ಲ.