ಕೆಂಚವ್ವ ಕೊಟ್ಟ ಗಡುವು

ಬೈಲಹೊಂಗಲದಿಂದ ಚಚಡಿ ಕಡೆಗೆ ಹೋಗುವ ಬುರಾನಸಾಬನ ಕ್ರೂಸರು ತುಂಬದೆ ಹೊರಡುವುದಿಲ್ಲ. ತುಂಬಿತೋ ಇಲ್ಲವೋ ಎಂದು ತೀರ್ಮಾನಿಸುವವನೂ ಬುರಾನಸಾಬನೇ. "ಇನ್ನೊಂದ ಸೀಟ್ ಐತಿ, ಬರ್ರಿ ಬರ್ರಿ" ಎಂದು ಅವನು ಕೂಗಿದರೆ, ಆ ಸೀಟು ಯಾರದೋ ತೊಡೆಯ ಮೇಲಿರುತ್ತದೆ.

ಶನಿವಾರ ಕಾಲೇಜು ಮುಗಿಸಿ ಬಂದ ಸಪ್ನಾ ಹಿಂದಿನ ಮೂಲೆ ಹಿಡಿದು, ವೈರಿಲ್ಲದ ಇಯರ್‌ಫೋನನ್ನು ದುಪಟ್ಟಾದೊಳಗೆ ಕಿವಿಗೆ ಸಿಗಿಸಿಕೊಂಡಳು. ಫೋನು ಚೀಲದಲ್ಲಿ, ಚೀಲ ಸೀಟಿನ ಕೆಳಗೆ, ಅದರ ಮೇಲೆ ಪಕ್ಕದಲ್ಲಿ ಕೂತ ಶಂಕ್ರೆಪ್ಪನ ದನದ ಹಿಂಡಿಯ ಮೂಟೆ. ಚಿಂತೆಯಿಲ್ಲ, ಕಿವಿ ತಟ್ಟಿದರೆ ಕರೆ ಎತ್ತುತ್ತದೆ.

'ಮನ'ಕ್ಕೆ ಗುಡಿಸು ಕೊಟ್ಟರೆ 'ಮನಿ' ಆಗುತ್ತದೆ ಎಂದು ಹೇಳಿ ಕ್ಲಾಸನ್ನು ನಗಿಸಿದ್ದ ಹುಡುಗಿ ಅವಳು. ಬೇಸಿಗೆಯಿಂದೀಚೆಗೆ ಯಾವುದನ್ನೂ ಗುಡಿಸುವ ಬಲ ಉಳಿದಿರಲಿಲ್ಲ. ಬೆಳಿಗ್ಗೆ ಅವಳು ಏಳುತ್ತಿರಲಿಲ್ಲ, ಹಾಸಿಗೆಯೇ ಅವಳನ್ನು ಹೊದ್ದು ಮಲಗುತ್ತಿತ್ತು. ಮನೆಯಲ್ಲಿ ಕೇಳಿದರೆ ತಲೆನೋವು ಎನ್ನುತ್ತಿದ್ದಳು. ಕೊನೆಗೆ, ಮನಸ್ಸಿಗೆ ಮಂಕು ಕವಿದ ವಿದ್ಯಾರ್ಥಿಗಳಿಗಾಗಿ ವಿಶ್ವವಿದ್ಯಾಲಯ ಆನ್‌ಲೈನಿನಲ್ಲಿ ನಡೆಸುವ ಧ್ಯಾನಚಿಕಿತ್ಸೆಗೆ ಗುಟ್ಟಾಗಿ ಹೆಸರು ಕೊಟ್ಟಿದ್ದಳು. ದಿನವೂ ಉಸಿರಿನ ಅಭ್ಯಾಸ, ಶನಿವಾರ ಚಿಕಿತ್ಸೆ ನಡೆಸುವ ಮೇಡಂ ಅವರ ಕರೆ. ಮನೆಯಲ್ಲಿ ಬಾಗಿಲಿರುವ ಕೋಣೆ ದೇವರದೊಂದೇ. ಹಾಗಾಗಿ ಕ್ರೂಸರಿನ ಗದ್ದಲವೇ ಅವಳ ಏಕಾಂತ. ಸುದ್ದಿ ಮನೆ ಮುಟ್ಟಿದರೆ ಅಪ್ಪ ಮಲಕಾಜಪ್ಪ "ಓದಿ ಓದಿ ತಲಿ ಕೆಟ್ಟೈತಿ" ಎಂದು ಕಾಲೇಜು ಬಿಡಿಸುತ್ತಾನೆ. ಅವಳ ಭಯವೆಲ್ಲ ಅದೇ.

ಕರೆ ಬಂತು. ಕಿವಿ ತಟ್ಟಿದಳು. ಅದೇ ಹೊತ್ತಿಗೆ ಬುರಾನಸಾಬ ಚಾವಿ ತಿರುವಿದ. ಹಿಂದೊಮ್ಮೆ ಹಾಡು ಹಚ್ಚಲೆಂದು ಅವನ ಟೇಪಿಗೆ ಜೋಡಿಸಿದ್ದ ಅವಳ ಫೋನು ಹಳೆಯ ಗೆಳೆತನ ನೆನಪಿಸಿಕೊಂಡು, ಕಿವಿಯೊಳಗಿನ ದನಿಯನ್ನು ಗಾಡಿಯ ಸ್ಪೀಕರುಗಳಿಗೆ ಸುರಿದುಬಿಟ್ಟಿತು.

"...ಸಪ್ನಾ, ಬೆಳಿಗ್ಗೆ ಏಳುವುದೇ ಬೇಡ ಅನಿಸುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ ಎಂದಿದ್ದಿರಿ. ಈ ವಾರ ಹೇಗಿತ್ತು?"

ಮಾತಾಡುತ್ತಿದ್ದವರೆಲ್ಲ ಸ್ಪೀಕರಿನತ್ತ ಕಿವಿಗೊಟ್ಟರು. ಸಪ್ನಾ ಕಿವಿ ತಟ್ಟಿದಳು, ಮತ್ತೆ ತಟ್ಟಿದಳು, ದನಿ ನಿಲ್ಲಲಿಲ್ಲ. ಮುಂದಿನ ಸಾಲಿನಿಂದ ಕೆಂಚವ್ವ ನಿಧಾನವಾಗಿ ತಿರುಗಿ ನೋಡಿದಳು. ಸಪ್ನಾಳ ಓಣಿಯ ಮುದುಕಿ. ಸುದ್ದಿ ಹುಟ್ಟುವ ಮೊದಲೇ ಅದಕ್ಕೆ ಕೂಸಿಗೆ ಹೊಲಿದಂತೆ ಕುಂಚಿಗೆ ಹೊಲಿದಿಡುವಾಕೆ.

"ಹೇಳಲಾಗದಿದ್ದರೆ ಪರವಾಗಿಲ್ಲ" ಎಂದಿತು ಸ್ಪೀಕರು. "ಕಣ್ಣು ಮುಚ್ಚಿ. ಹೆಗಲು ಸಡಿಲ ಬಿಡಿ. ಉಸಿರು ಬರುವುದನ್ನು, ಹೋಗುವುದನ್ನು ಸುಮ್ಮನೆ ನೋಡಿ."

ಬುರಾನಸಾಬ ಬಂದ್ ಮಾಡಲೆಂದು ಟೇಪಿನ ಕಡೆ ಕೈ ಚಾಚಿದ.

"ಕೈ ತಗಿಯೋ ಬುರಾನ್ಯಾ. ಚೊಲೋ ಹೇಳಾಕತ್ತಾಳ ಆಕಿ" ಎಂದಳು ಕೆಂಚವ್ವ. "ನೀ ಒಬ್ಬಾವ ಕಣ್ಣ ಮುಚ್ಚಬ್ಯಾಡ ಮತ್ತ!"

ಗಾಡಿ ಊರು ದಾಟಿತು. ದನಿ ಸೀಟಿನ ಕೆಳಗಿಂದ, ಬಾಗಿಲಿನಿಂದ, ತಗಡಿನ ಮೈಯಿಂದಲೇ ಬರುವಂತಿತ್ತು. ಶಂಕ್ರೆಪ್ಪನ ಮೀಸೆ ಏರಿ ಇಳಿಯಿತು. ಕೆಂಚವ್ವನ ಹೆಗಲು ಜಾರಿ ಸೆರಗಿನೊಳಗೆ ಕರಗಿತು. ಕಿಟಕಿಯಾಚೆ ಕಡಲೆ ಹೊಲದ ಹಸಿರು ಅಲೆಯಂತೆ ಎದ್ದು, ಎರೆಮಣ್ಣಿನ ಕಪ್ಪಿನಲ್ಲಿ ಮಲಗಿ, ಮತ್ತೆ ಎದ್ದಿತು. ಗಾಲಿಗಳು ನೆಲ ಬಿಟ್ಟವೋ, ನೆಲವೇ ಗಾಲಿಗಳ ಕೆಳಗೆ ಉಸಿರಾಡುತ್ತಿತ್ತೋ ತಿಳಿಯಲಿಲ್ಲ. ಅಷ್ಟು ಮಂದಿಯ ಉಸಿರು ಒಂದಾಗಿ, ಯಾವುದು ತನ್ನದು ಎಂದು ಸಪ್ನಾಗೆ ಹುಡುಕಿದರೂ ಸಿಗಲಿಲ್ಲ. ಸಿಗದಿದ್ದುದಕ್ಕೆ ಹೆದರಿಕೆಯೂ ಆಗಲಿಲ್ಲ.

"ಮೇಡಂ" ಎಂದಳು. "ನಾ ಒಬ್ಬಾಕಿ ಇಲ್ರಿ. ಗಾಡಿ ತುಂಬ ಮಂದಿ ಅದಾರ. ಎಲ್ಲಾರೂ ಕೇಳಾಕತ್ತಾರ."

"ಅಯ್ಯೋ, ಕ್ಷಮಿಸಿ ಸಪ್ನಾ. ಇಲ್ಲಿಗೆ ನಿಲ್ಲಿಸೋಣ."

"ಯಾಕ ನಿಲ್ಲಸ್ತೀರಿ ಬಾಯಾರ?" ಎಂದಳು ಕೆಂಚವ್ವ, ಕಣ್ಣು ತೆರೆಯದೆಯೇ. "ಈಗರ ಹೆಗಲ ಹಗರ ಆಗಾಕತ್ತಿದ್ವು."

ಯಾರೋ ಕಿಸಕ್ಕೆಂದರು. ಮೇಡಂ ಕೂಡ ನಕ್ಕಿದ್ದು ಕೇಳಿಸಿತು. ಆದರೂ ನಾಳೆ ಸಪ್ನಾ ಒಬ್ಬಳೇ ಇರುವಾಗ ಮಾತಾಡುವುದಾಗಿ ಹೇಳಿ ಅವರು ಕರೆ ಮುಗಿಸಿದರು.

ಚಚಡಿಯಲ್ಲಿ ಅವರಿಬ್ಬರೇ ಇಳಿದ ಮೇಲೆ, ವಾಡೆಯ ಗೋಡೆಯ ನೆರಳಲ್ಲಿ, ಸಪ್ನಾ ಮುದುಕಿಯ ಕೈ ಹಿಡಿದಳು.

"ಆಯಿ, ನಮ್ಮವ್ವಗ ಹೇಳಬ್ಯಾಡಬೇ. ನಿನ್ನ ಕಾಲ ಬೀಳತೇನಿ."

"ಕಾಲ ಬಿದ್ರ ಬಾಯಿ ನಿಲ್ಲತೈತೇನ ಯವ್ವಾ?" ಕೆಂಚವ್ವ ಯೋಚಿಸಿದಳು. "ಆಣಿ ಮಾಡಾಕ ಬರೂದಿಲ್ಲ ನನಗ. ನನ್ನ ಬಾಯಿ ನನಗ ಗೊತ್ತೈತಿ. ಸಂಜಿಕ ಎಮ್ಮಿ ಹಿಂಡೂತನಕ ತಡೀತೇನಿ. ಅಷ್ಟರಾಗ ನೀನ ಹೇಳು. ನನ್ನ ಬಾಯಿಂದ ಹ್ವಾದ್ರ ಅದು ಸುದ್ದಿ ಆಕ್ಕೈತಿ. ನಿನ್ನ ಬಾಯಿಂದ ಹ್ವಾದ್ರ ಮಾತ ಆಕ್ಕೈತಿ."

ಅಷ್ಟು ಹೇಳಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೊರಟೇಬಿಟ್ಟಳು. ದಾರಿಯಲ್ಲಿ ಮಾತಾಡಿಸಿದವರಿಗೆಲ್ಲ ಬರೀ ತಲೆ ಅಲ್ಲಾಡಿಸುತ್ತ ಹೋದಳು. ಊರು ಅವಳನ್ನು ಹಾಗೆ ಎಂದೂ ಕಂಡಿರಲಿಲ್ಲ.

ಅವ್ವ ಕೃಷ್ಣವ್ವ ಪಡಸಾಲೆಯಲ್ಲಿ ಕೂತು ಕಡಲೆ ಸೊಪ್ಪು ಬಿಡಿಸುತ್ತಿದ್ದಳು. ಸಪ್ನಾ ಎದುರು ಕೂತು ತಾನೂ ಒಂದು ಕುಡಿ ಎತ್ತಿಕೊಂಡಳು.

"ಯವ್ವಾ, ಅದು ತಲಿನೋವಲ್ಲ."

"ಗೊತ್ತೈತಿ."

"ಏನ ಗೊತ್ತೈತಿ?"

"ನಿಮ್ಮಪ್ಪ ತಂದಿಟ್ಟ ಗುಳಗಿ ಹಂಗಽ ಅದಾವ." ಕೃಷ್ಣವ್ವ ತಲೆ ಎತ್ತಲಿಲ್ಲ. "ಕೇಳಿದ್ರ ಏನ ಹೇಳತಿಯೋ ಅಂತ ಅಂಜಿ ಮತ್ತ ಕೇಳಲಿಲ್ಲ."

ಸಪ್ನಾ ಹೇಳಿದಳು. ಬೇಸಿಗೆಯಿಂದ ಹಿಡಿದು ಕ್ರೂಸರಿನವರೆಗೆ, ಹಿಂದುಮುಂದಾಗಿ, ನಡುವೆ ಅತ್ತು, ಮತ್ತೆ ಹೇಳಿದಳು. ಸೊಪ್ಪಿನ ಹುಳಿ ಬೆರಳಿಗೆ ಅಂಟಿ, ಅದರ ಹಸಿ ಪರಿಮಳ ಪಡಸಾಲೆಯಲ್ಲಿ ನಿಂತಿತ್ತು. ಅವ್ವನ ಕೈ ಯಾವಾಗಲೋ ಸುಮ್ಮನಾಗಿತ್ತು.

"ಅಪ್ಪ ಕಾಲೇಜ ಬಿಡಸಿದ್ರ?"

ಹೊರಗೆ ಮಲಕಾಜಪ್ಪನ ಬೈಕು ಬಂದು ನಿಂತ ಸಪ್ಪಳ. ಕೃಷ್ಣವ್ವ ಎದ್ದು ಸೆರಗು ಸಿಕ್ಕಿಸಿಕೊಂಡಳು.

"ಬಿಡಸ್ಲಿ, ನೋಡೇ ಬಿಡೂಣು" ಎಂದು ಬಾಗಿಲಿಗೆ ಹೋಗಿ ನಿಂತಳು. "ಕಾಲ ತೊಳಕೊಂಡ ಬರ್ರಿ. ನಿಮ್ಮ ಮಗಳದ ಮಾತೈತಿ. ಪೂರಾ ಮುಗಿಯೂತನಕ ನಡುವ ಬಾಯಿ ಹಾಕಬ್ಯಾಡ್ರಿ."