ಎರಡು ಸೂರ್ಯರ ಬೆಟ್ಟ

ಹನ್ನೊಂದು ದಿನ, ಸವೆದುಹೋದ ಪೆನ್ನಿನ ಮೊನೆ ಮೂರು, ಬಲ ಮಣಿಕಟ್ಟಿಗೊಂದು ಪಟ್ಟಿ, ತೆರೆಯದೆ ಮನೆಗೆ ವಾಪಸು ಒಯ್ದ ಊಟದ ಡಬ್ಬಿ ನಾಲ್ಕು — ಕಂಪ್ಯೂಟರಿನ ಪರದೆಯ ಮೇಲೆ ಬರೆಯುತ್ತಿರುವ ಈ ಒಂದು ಬೆಟ್ಟಕ್ಕೆ ಇಲ್ಲಿಯವರೆಗೆ ಬಿದ್ದ ಖರ್ಚು ಇಷ್ಟು, ಆದರೂ ಏನೋ ಸರಿಯಿಲ್ಲ, ಪರದೆಯ ಗಾಜಿನಲ್ಲಿ ಮೇಲಿನ ಟ್ಯೂಬ್‌ಲೈಟು ಹೊಳೆಯುತ್ತಿದೆ, ಅದರದೇ ಚೇಷ್ಟೆಯೇನೋ ಎಂದು ತಲೆ ಓರೆ ಮಾಡಿ ನೋಡಿದೆ, ಅಲ್ಲ, ತಪ್ಪು ಬೆಟ್ಟದಲ್ಲೇ ಇದೆ, ಚಿಕ್ಕ ಮೇಡಂ ಈಗಷ್ಟೇ ಬೆನ್ನ ಹಿಂದೆ ನಿಂತು ನೋಡಿ ಹೋದಳು, ನನ್ನ ಮಗಳ ವಯಸ್ಸಿನವಳು, ಕಾರ್ಟೂನ್ ಸಿನಿಮಾಕ್ಕೆ ಹಿನ್ನೆಲೆ ಬರೆಯುವ ನಮ್ಮೆಲ್ಲರಿಗೂ ಅವಳೇ ಯಜಮಾನಿ, ಅಕ್ಕಾ, ಕಲ್ಲೆಲ್ಲ ಕಲ್ಲಿನ ಥರಾನೇ ಇದೆ, ಆದ್ರೆ ಒಟ್ಟಿಗೆ ನೋಡಿದ್ರೆ ಕಣ್ಣಿಗೆ ಚುಚ್ಚುತ್ತೆ, ಯಾಕೆ ಅಂತ ಗೊತ್ತಾಗ್ತಿಲ್ಲ, ನಾಲ್ಕು ಗಂಟೆಗೆ ದೊಡ್ಡವರಿಗೆ ತೋರಿಸ್ಬೇಕು, ಒಪ್ಪಿದ್ರೆ ಸಿನಿಮಾದ ಹನ್ನೆರಡು ಬೆಟ್ಟಾನೂ ನಿಮಗೇ, ಇಲ್ಲಾಂದ್ರೆ ಫೋಟೊ ಅಂಟಿಸಿ ಮುಗಿಸ್ತಾರೆ, ಅಂದಳು. ನನ್ನ ಕೆಲಸವನ್ನೂ ಸೇರಿಸಿ ಮುಗಿಸುತ್ತಾರೆ, ಅದನ್ನು ಮಾತ್ರ ಅವಳು ಬಾಯಿಬಿಟ್ಟು ಹೇಳಲಿಲ್ಲ, ಒಳ್ಳೆಯ ಹುಡುಗಿ. ಈಗ ಗಂಟೆ ಎರಡೂವರೆ.

ಇಪ್ಪತ್ತು ವರ್ಷ ಫೋಟೊ ಸ್ಟುಡಿಯೊಗಳಿಗೆ ಬಟ್ಟೆಯ ಮೇಲೆ ಬೆಟ್ಟ ಬರೆದವಳು ನಾನು, ಎಷ್ಟು ಮದುಮಕ್ಕಳು ಅದರ ಮುಂದೆ ನಿಂತು ಹಲ್ಲು ಕಿರಿದರೋ, ಒಬ್ಬರೂ ತಿರುಗಿ ಬೆಟ್ಟ ನೋಡಲಿಲ್ಲ, ನೋಡಿದವನು ನನ್ನ ಅಣ್ಣನೊಬ್ಬನೇ, ಗಣಿಯಲ್ಲಿ ಕಲ್ಲು ಒಡೆಯುವವನು, ಏನೇ ಇದು, ಬೇಯಿಸಿದ ಆಲೂಗಡ್ಡೆ ರಾಶಿ ಹಾಕಿದೀಯಾ, ಅಂದಿನಿಂದ ಇವತ್ತಿನವರೆಗೂ ಅದೇ ಮಾತು, ಕಲ್ಲಿಗೆ ಮೂರು ಮೈ ಕಣೇ, ಬಿಸಿಲು ಕಾಯೋ ಮೈ, ಪಕ್ಕದ ಮೈ, ನೆರಳಲ್ಲಿ ಕೂರೋ ಮೈ, ಮೊದಲು ಅಷ್ಟು ಬೇರೆ ಮಾಡು, ಬಿರುಕು ಗಿರುಕು ಆಮೇಲೆ. ಇಲ್ಲಿನ ಹುಡುಗರು ಬಿರುಕಿನಿಂದಲೇ ಶುರು ಮಾಡುತ್ತಾರೆ, ಒತ್ತಿದರೆ ಬಿರುಕು ಬೀಳುವ ಸಿದ್ಧ ಕುಂಚವಿದೆ ಕಂಪ್ಯೂಟರಿನಲ್ಲಿ, ನಾನೂ ಒತ್ತಿ ನೋಡಿದೆ, ಏಳು ಬಂಡೆಗೂ ಒಂದೇ ಬಿರುಕು, ಏಳು ಮಕ್ಕಳಿಗೆ ಒಂದೇ ಥಾನಿನ ಅಂಗಿ ಹೊಲಿಸಿದ ಹಾಗೆ, ಥೂ, ಅಳಿಸಿ ಕೈಯಿಂದಲೇ ಎಳೆದೆ. ಹಿಂದಿನ ಸಾಲಿಗೆ ತೆಳ್ಳಗೆ ನೀಲಿ ಹರಡಿ ಬಿಟ್ಟೆ, ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದವನು ಖಂಡಿತ ಚಿತ್ರ ಬರೆಯುವವನೇ ಇರಬೇಕು. ಕೊನೆಗೆ ಉಳಿದದ್ದು ಮುಂದಿನ ಮೂಲೆಯ ದೊಡ್ಡ ಬಂಡೆ, ನಿನ್ನೆ ಇಡೀ ದಿನ ಅದಕ್ಕೇ ಹೋಯಿತು, ಸಂಜೆ ಕದ್ದುಮುಚ್ಚಿ ವಿಡಿಯೊ ಕರೆ ಮಾಡಿ ಅಣ್ಣನಿಗೆ ತೋರಿಸಿದೆ, ಚಿತ್ರ ಹೊರಗೆ ಕಳಿಸುವಂತಿಲ್ಲವಲ್ಲ, ಕೆಮ್ಮಿದ, ತಡಿ, ಫೋನು ಹತ್ರ ಹಿಡಿ, ಆ ಬಿರುಕಿನ ಅಂಚಿಗೆ ಬಿಸಿಲು ಬಿದ್ದಿದೆಯಲ್ಲ, ಅಲ್ಲಿ ಉಳಿ ಇಟ್ಟರೆ ಎರಡೇ ಏಟು, ಇದನ್ನ ನಾನು ಒಡೀಬಲ್ಲೆ ಕಣೇ.

ಅರೆ, ಬೆಟ್ಟದಲ್ಲಿ ನಾನೇ ಬರೆದ ಒಣಮರ ಬಲಕ್ಕೆ ಯಾಕಿದೆ? ಅದು ಎಡಕ್ಕಿರಬೇಕು, ಸಿನಿಮಾದ ಹುಡುಗ ಎಡಗಡೆಯಿಂದ ಬಂದು ಅದರ ಕೆಳಗೆ ಕೂರುತ್ತಾನೆ — ಅಯ್ಯೋ ನನ್ನ ಬುದ್ಧಿಗಿಷ್ಟು, ಚಿತ್ರವನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿ ನೋಡಿ ಅಕ್ಕಾ, ತಪ್ಪಿದ್ರೆ ತಾನಾಗೇ ಕಾಣುತ್ತೆ ಎಂದು ಚಿಕ್ಕ ಮೇಡಂ ಕಲಿಸಿದ್ದು, ನಿನ್ನೆ ಬೆಳಿಗ್ಗೆ ತಿರುಗಿಸಿದವಳು ವಾಪಸು ತಿರುಗಿಸಲೇ ಇಲ್ಲ, ಬಂಡೆಯನ್ನು ಹಿಗ್ಗಿಸಿ ಅದರಲ್ಲೇ ಮೂಗು ತೂರಿಸಿ ಕೂತೆ, ಸೂರ್ಯ ಬಲಕ್ಕೆ ಎಂಬುದು ಕೈಗೆ ರೂಢಿ, ಬಲಕ್ಕೇ ಬಿಸಿಲು ಕೊಟ್ಟೆ. ಈಗ ನೇರ ಮಾಡಿದರೆ ಬೆಟ್ಟಕ್ಕೆಲ್ಲ ಬಲಗಡೆಯ ಬಿಸಿಲು, ಬಂಡೆಯೊಂದಕ್ಕೆ ಎಡಗಡೆಯದು, ಒಂದು ಆಕಾಶಕ್ಕೆ ಎರಡು ಸೂರ್ಯ. ಬಂಡೆಯನ್ನಷ್ಟೇ ಕತ್ತರಿಸಿ ತಿರುಗಿಸಿದೆ, ಬಿಸಿಲು ಸರಿಹೋಯಿತು, ಆದರೆ ಓರೆ ಕೆಟ್ಟಿತು, ಸುತ್ತಲಿನ ಕಲ್ಲಿನ ಪದರಗಳೆಲ್ಲ ಒಂದು ಕಡೆ ವಾಲಿದರೆ ಇದೊಂದು ಮುನಿಸಿಕೊಂಡ ಮೈದುನನ ಹಾಗೆ ಆ ಕಡೆ, ಅಣ್ಣ ನೋಡಿದರೆ ನಕ್ಕು ಸಾಯುತ್ತಾನೆ. ಬೆಳಕನ್ನು ಕಂಪ್ಯೂಟರಿನ ಗಾಜಿನಂಥ ಬೇರೆ ಹಾಳೆಯಲ್ಲಿ ಬರೆದಿದ್ದರೆ ಅದೊಂದನ್ನೇ ತೆಗೆಯಬಹುದಿತ್ತು, ಬಟ್ಟೆಯ ಮೇಲೆ ಬೇರೆ ಹಾಳೆ ಎಲ್ಲಿತ್ತು, ನನ್ನದು ಎಲ್ಲ ಒಂದರ ಮೇಲೊಂದು. ಮೂರೂ ಹತ್ತು. ಉಳಿದದ್ದು ಒಂದೇ ದಾರಿ, ಬಂಡೆಯನ್ನು ಮೊದಲಿನಂತೇ ಇಟ್ಟು ಅದರ ಬಿಸಿಲಿನ ಮೈಗೆ ನೆರಳು ಬಳಿಯುವುದು, ದಪ್ಪ ಕುಂಚ, ಬೂದು ನೇರಳೆ, ಅಂಚು ಹೋಯಿತು, ಬಿರುಕು ಹೋಯಿತು, ಮಣಿಕಟ್ಟು ಉರಿಯುತ್ತಿದೆ, ಉಳಿಸು ಎಂಬುದನ್ನು ಒತ್ತಿದೆ, ಹಳೆಯ ಹೆಸರಿನ ಮೇಲೇ, ಹಳೆಯದು ಅಳಿಸಿಹೋಯಿತು, ಬಂಡೆಯದೊಂದು ನಕಲು ಪಕ್ಕಕ್ಕಿಡಬಹುದಿತ್ತು ಎಂದು ಹೊಳೆದದ್ದು ಒತ್ತಿದ ಮೇಲೆ.

ದೊಡ್ಡವರು ನಿಂತು ನೋಡಿದ್ದು ಒಂದು ನಿಮಿಷವೂ ಇಲ್ಲ, ಚೆನ್ನಾಗಿದೆ, ಆ ಮೂಲೆಯಲ್ಲಿ ಕತ್ತಲಿಟ್ಟಿರಲ್ಲ, ಒಳ್ಳೆ ಯೋಚನೆ, ಉಳಿದವನ್ನೂ ಇವರೇ ಮಾಡಲಿ ಎಂದರು, ಚಿಕ್ಕ ಮೇಡಂ ನನ್ನ ಭುಜ ಹಿಡಿದು ಕುಲುಕಿದಳು, ಅಕ್ಕಾ, ಎಂಥಾ ಮಾಯ ಮಾಡಿದ್ರಿ, ಮೇಜಿನ ಮೇಲೆ ಫೋನು ನಡುಗುತ್ತಿದೆ, ಅಣ್ಣ, ಗಣಿಯ ಗೆಳೆಯರನ್ನೆಲ್ಲ ಕೂರಿಸಿಕೊಂಡಿರುತ್ತಾನೆ, ತೋರಿಸೇ ನಿನ್ನ ಬಂಡೆ ಎನ್ನುತ್ತಾನೆ, ಏನು ತೋರಿಸಲಿ, ಒಂದು ಕತ್ತಲ ಮೂಲೆ, ಫೋನು ನಡುಗುತ್ತಲೇ ಇದೆ, ಪರದೆ ನೋಡಿದರೆ ಆ ಬಂಡೆ ಅಲ್ಲಿಲ್ಲ, ಕಣ್ಣು ಮುಚ್ಚಿದರೆ ಮಾತ್ರ ಇದೆ, ಬಿರುಕು, ಅದರ ಅಂಚಿಗೆ ಬಿಸಿಲು, ಬಿರುಕು, ಅಂಚಿಗೆ ಬಿಸಿಲು — ಹನ್ನೆರಡು ಬೆಟ್ಟ ಸಿಕ್ಕಿತು. ಅಣ್ಣ ಕಲ್ಲೆಂದು ಒಪ್ಪಿದ ಒಂದೇ ಕಲ್ಲು ಹೋಯಿತು.