ಕಪಾಟಿನೊಳಗಿನ ಗಿಡ

ಶಿಕ್ಷಣ ಕಚೇರಿಯ ಆಫೀಸರಮ್ಮ ಬಾಗಿಲು ತಟ್ಟಿದಾಗ ಅಜ್ಜಿ ಮೂಲೆಗೆ ಸರಿದು ನಿಂತಳು. ಅವಳೇನು ಕೊಲೆ ಮಾಡಿದ್ದಳೇ, ಕಳ್ಳತನ ಮಾಡಿದ್ದಳೇ? ಒಂದು ಗಿಡಕ್ಕೆ ಬಿಸಿಲು ತೋರಿಸಿದ್ದಳು, ಅಷ್ಟೇ. ಆದರೆ ಆ ಬಿಸಿಲೇ ಈಗ ಮೊಮ್ಮಗಳ ಕುತ್ತಿಗೆಗೆ ಬಂದಿತ್ತು.

ಮೊಮ್ಮಗಳನ್ನು ಮನೆಯವರೆಲ್ಲ ಮಿಡತೆ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರುವ ಜಾತಿಯಲ್ಲ. ಮಾತು ಮಾತ್ರ ಕಾಲಿನಷ್ಟು ಚುರುಕಿಲ್ಲ, ಮೊದಲ ಅಕ್ಷರಕ್ಕೇ ಮುಗ್ಗರಿಸುತ್ತದೆ. ಶಾಲೆಯ ಮಕ್ಕಳು ಅದನ್ನೇ ಆಡಿಕೊಂಡು ನಕ್ಕೂ ನಕ್ಕೂ, ಬೆಳಗಾದರೆ ಹುಡುಗಿ ಹೆದರಿ ವಾಂತಿ ಮಾಡಿಕೊಳ್ಳುವ ಹಾಗಾದಾಗ ತಾಯಿ ಶಾಲೆ ಬಿಡಿಸಿದಳು. ತಾಯಿ ಟೈಲರ್. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಲೇ ಪಾಠ ಹೇಳಿಕೊಟ್ಟಳು. ಬ್ರೆಡ್ಡಿನ ಮೇಲೆ ಬೂಷ್ಟು ಬೆಳೆಸಿದರು, ಈರುಳ್ಳಿಯ ಪೊರೆ ಸುಲಿದು ಭೂತಗನ್ನಡಿಯಲ್ಲಿ ನೋಡಿದರು, ಎರೆಹುಳುಗಳನ್ನು ಗಾಜಿನ ಜಾಡಿಯಲ್ಲಿ ಸಾಕಿದರು. ವಾಂತಿ ತಾನಾಗಿ ನಿಂತಿತು. ಆದರೆ ಶಿಕ್ಷಣ ಕಚೇರಿಯವರು ಸುಮ್ಮನೆ ಬಿಡಬೇಕಲ್ಲ! ಹುಡುಗಿ ತಾನೇ ಮಾಡಿದ ಒಂದು ಪ್ರಯೋಗವನ್ನು ತನ್ನ ಬಾಯಿಂದಲೇ ವಿವರಿಸಬೇಕು. ಒಪ್ಪಿಗೆಯಾದರೆ ಮನೆಯಲ್ಲೇ ಪಾಠ, ಇಲ್ಲದಿದ್ದರೆ ಅದೇ ಶಾಲೆ, ಅದೇ ಬೆಂಚು.

ಪ್ರಯೋಗವೇನೋ ಸರಳವಾದದ್ದೇ. ಒಂದೇ ಪೊಟ್ಟಣದ ಬೀನ್ಸ್ ಬೀಜ, ಎರಡು ಕುಂಡ. ಒಂದು ಮುಂದಿನ ಕೋಣೆಯ ಕಿಟಕಿಯಲ್ಲಿ, ಇನ್ನೊಂದು ಬಟ್ಟೆ ಕಪಾಟಿನ ಕತ್ತಲಲ್ಲಿ. ದೀಪ ಆರಿಸಿ, ಕೈತಡವಿಕೊಂಡೇ ಅದಕ್ಕೆ ನೀರು ಹಾಕಬೇಕು. ಆಫೀಸರಮ್ಮ ಬರುವ ತನಕ ಯಾರೂ ನೋಡುವಂತಿಲ್ಲ. ಕುಂಡ ಅತ್ತಿತ್ತ ತಿರುಗಬಾರದೆಂದು ಮಿಡತೆ ಅದಕ್ಕೆ ಕೆಂಪು ದಾರ ಸುತ್ತಿ, ಗಂಟು ಬಾಗಿಲ ಕಡೆಗಿರುವಂತೆ ಇಟ್ಟಿದ್ದಳು. ಟೈಲರ್ ಮಗಳಲ್ಲವೇ, ಗುರುತಿಗೂ ದಾರವೇ ಆಗಬೇಕು.

ಅಜ್ಜಿಗೆ ಇದು ಮೊದಲಿಂದಲೂ ಸರಿಬರಲಿಲ್ಲ. ಜೀವ ಇರುವುದನ್ನು ಕತ್ತಲಲ್ಲಿ ಕೂಡಿಹಾಕುವುದು ಎಂಥ ಪಾಠ? ಗಿಡ ಸತ್ತರೆ ಮಗುವಿನ ಗತಿ ಏನು? ಸೊಸೆ ದಿನಾ ಮಧ್ಯಾಹ್ನ ಹೊಲಿದ ಬಟ್ಟೆ ಕೊಟ್ಟುಬರಲು ಮಗಳನ್ನು ಕರೆದುಕೊಂಡು ಹೊರಟಳೆಂದರೆ ಸಾಕು, ಅಜ್ಜಿ ಕುಂಡವನ್ನೆತ್ತಿ ಅಡುಗೆಮನೆ ಕಿಟಕಿಯ ಕಟ್ಟೆಗೆ ತರುತ್ತಿದ್ದಳು. ಗಂಟು ತನ್ನ ಕಣ್ಣೆದುರಿಗೇ ಇರುವಂತೆ ಇಡುತ್ತಿದ್ದಳು. ತಿರುಗಿ ಒಳಗಿಡುವಾಗ ತಪ್ಪಬಾರದಲ್ಲ. “ಸ್ವಲ್ಪ ಉಸಿರಾಡ್ಕೋ ಕಂದಾ” ಎನ್ನುತ್ತಿದ್ದಳು.

ಇವತ್ತು ಬೆಳಿಗ್ಗೆ ಮಿಡತೆ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದಳು. “ಕ-ಕತ್ತಲಲ್ಲಿದ್ದ ಗಿಡ ಹ-ಹಸಿರಾಗಿರಲ್ಲ. ಬಿಳಚಿಕೊಂಡಿರುತ್ತೆ.” ಅಜ್ಜಿಯ ಕೈಯಲ್ಲಿದ್ದ ಲೋಟ ಜಾರಿತು. ಹೇಳಿಬಿಡೋಣವೆಂದರೆ ಸೊಸೆಯ ಭಯ. ಹಿಂದೊಮ್ಮೆ ಬೂಷ್ಟು ಹಿಡಿದ ಬ್ರೆಡ್ಡನ್ನು ಗಲೀಜೆಂದು ಕಸಕ್ಕೆ ಸುರಿದವಳೂ ಅವಳೇ. “ಅತ್ತೆ, ಇನ್ನೊಂದ್ ಸಲ ಇವಳ ಪ್ರಯೋಗಕ್ಕೆ ಕೈ ಹಾಕಿದ್ರೆ ನಾನು ಸುಮ್ಮನಿರಲ್ಲ” ಎಂದಿದ್ದಳು ಸೊಸೆ. ಅಜ್ಜಿ ಅವತ್ತು ಆಣೆ ಇಟ್ಟಿದ್ದಳು.

ಈಗ ಆಫೀಸರಮ್ಮ ಕಪಾಟಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಮಿಡತೆ ತಡವರಿಸಿದರೂ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಆಮೇಲೆ ಬಾಗಿಲು ತೆರೆದಳು. ಗಿಡ ಸೊಂಪಾಗಿ, ಹಸಿರಾಗಿ ನಿಂತಿತ್ತು.

“ಹಸಿರು ಬರಲ್ಲ ಅಂತ ಈಗ ತಾನೆ ಹೇಳಿದೆಯಲ್ಲಮ್ಮ?” ಎಂದರು ಆಫೀಸರಮ್ಮ. ತಾಯಿಯ ಕಡೆ ತಿರುಗಿದರು. “ನಿಜ ಹೇಳಿ. ನಾನು ಬರ್ತೀನಿ ಅಂತ ಯಾವುದೋ ಗಿಡ ತಂದು ಒಳಗಿಟ್ರಾ?”

“ಇಲ್ಲ ಮೇಡಂ, ದೇವರಾಣೆ ಇಲ್ಲ!” ಎಂದಳು ತಾಯಿ.

“ಇ-ಇರಿ” ಎಂದಳು ಮಿಡತೆ. ಅವಳು ಮಂಡಿಯೂರಿ ಕುಂಡವನ್ನೇ ನೋಡುತ್ತಿದ್ದಳು. “ಇದು ವಾ-ವಾಲಿದೆ. ಕಿಟಕಿ ಗಿಡನೂ ಗಾಜಿನ ಕಡೆಗೇ ವಾಲಿದೆ, ಬೆಳಕು ಅಲ್ಲಿಂದ ಬರುತ್ತಲ್ಲ. ಕಪಾಟಿನ ಸಂದಿಯಿಂದ ಬೆಳಕು ಬಂದಿದ್ರೆ ಇದು ಬಾ-ಬಾಗಿಲ ಕಡೆ, ಗಂಟಿನ ಕಡೆ ವಾಲಬೇಕಿತ್ತು. ಇದು ಗಂಟಿಗೆ ಬೆನ್ನು ಹಾಕಿದೆ.”

“ಅಂದ್ರೆ?”

“ಯಾರೋ ಹೊ-ಹೊರಗೆ ಇಡ್ತಿದ್ರು. ದಿನಾ ಒಂದೇ ಜಾಗದಲ್ಲಿ.”

ಹುಡುಗಿ ಕುಂಡವನ್ನೆತ್ತಿಕೊಂಡು ಹೊರಟೇಬಿಟ್ಟಳು, ಆಫೀಸರಮ್ಮ, ತಾಯಿ ಇಬ್ಬರೂ ಅವಳ ಹಿಂದೆ. ಮುಂದಿನ ಕೋಣೆಯ ಕಿಟಕಿಯಲ್ಲಿ ಇನ್ನೊಂದು ಕುಂಡಕ್ಕೆ ಜಾಗವಿರಲಿಲ್ಲ. ಮಲಗುವ ಕೋಣೆಯ ಕಿಟಕಿಗೆ ಪಕ್ಕದ ಮನೆಯ ಗೋಡೆ ಅಡ್ಡ. ಅಜ್ಜಿ ಅಷ್ಟರಲ್ಲಿ ಸದ್ದಿಲ್ಲದೆ ಅಡುಗೆಮನೆಗೆ ಸರಿದು ಕಿಟಕಿಯ ಕಟ್ಟೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳ ಬೆನ್ನ ಹಿಂದೆ ಕುಂಡದ ತಳ ಬಿಟ್ಟ ಮಣ್ಣಿನ ಬಳೆಯಂಥ ಗುರುತಿತ್ತು. ಒರೆಸಬೇಕೆಂದು ಎಷ್ಟು ಸಲ ಅಂದುಕೊಂಡಿದ್ದಳೋ, ಅಷ್ಟೂ ಸಲ ಮರೆತಿದ್ದಳು.

“ಅ-ಅಜ್ಜಿ, ಸ್ವಲ್ಪ ಸರಿ.”

ಅಜ್ಜಿ ಸರಿದಳು. ಮಿಡತೆ ಕುಂಡವನ್ನು ಆ ಗುರುತಿನ ಮೇಲೆ ಇಟ್ಟಳು, ಗಂಟು ಕೋಣೆಯ ಕಡೆಗೆ. ಗಿಡ ನೇರವಾಗಿ ಕಿಟಕಿಯ ಕಡೆ ಬಾಗಿತ್ತು.

“ಯಾರು ಇಡ್ತಿದ್ದದ್ದು?” ಎಂದು ಕೇಳಿದರು ಆಫೀಸರಮ್ಮ.

ಮಿಡತೆ ಅಜ್ಜಿಯನ್ನು ನೋಡಿದಳು. ತಾಯಿಯನ್ನು ನೋಡಿದಳು. “ಗೊ-ಗೊತ್ತಿಲ್ಲ.”

“ಇಷ್ಟೆಲ್ಲ ಕಂಡುಹಿಡಿದು, ಇದು ಗೊತ್ತಿಲ್ವಾ? ಹಾಗಾದ್ರೆ ಗಿಡ ಬದಲಾಯಿಸಿದ್ದಾರೆ ಅಂತಲೇ ನಾನು ಬರ್ಕೋಬೇಕಾಗುತ್ತೆ.” ಅವರು ಪೆನ್ನಿನ ಮುಚ್ಚಳ ತೆಗೆದರು. ಮಿಡತೆ ತುಟಿ ಕಚ್ಚಿ ನೆಲ ನೋಡುತ್ತಿದ್ದಳು. ಶಾಲೆಗೆ ಹೋದರೂ ಹೋಗುತ್ತೇನೆ, ಬಾಯಿ ಬಿಡುವುದಿಲ್ಲ ಎಂಬ ಹಟ ಆ ಪುಟ್ಟ ಮುಖದಲ್ಲಿತ್ತು.

“ನಾನೇ ಕಣ್ರೀ!” ಎಂದುಬಿಟ್ಟಳು ಅಜ್ಜಿ. “ಮಗೂದೇನೂ ತಪ್ಪಿಲ್ಲ. ಕತ್ತಲಲ್ಲಿ ಸಾಯುತ್ತೆ ಅಂತ ನಾನೇ ಬಿಸಿಲಿಗಿಡ್ತಿದ್ದೆ. ಬೇಕಾದ್ರೆ ನನ್ನನ್ನೇ ಶಾಲೆಗೆ ಹಾಕಿ.”

ಆಫೀಸರಮ್ಮ ನಗಲಿಲ್ಲ. “ನಿನಗೆ ಗೊತ್ತಿತ್ತಲ್ಲ?” ಎಂದು ಹುಡುಗಿಯನ್ನು ಕೇಳಿದರು.

“ಹೂಂ. ಅಮ್ಮ ಅ-ಅಜ್ಜಿಗೆ ಬೈತಾಳೆ ಅಂತ...”

ಆಫೀಸರಮ್ಮ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು. “ಅಂದುಕೊಂಡದ್ದು ತಲೆಕೆಳಗಾದಾಗ ಇವಳು ಅಳ್ತಾ ಕೂರಲಿಲ್ಲ, ಹುಡುಕೋಕೆ ಹೊರಟಳು. ಅದು ನನಗೆ ಹಿಡಿಸ್ತು. ಆದರೆ ಪ್ರಯೋಗ ಕೆಟ್ಟಿದೆ, ಕೆಟ್ಟಿದ್ದಕ್ಕೆ ನಾನು ಸಹಿ ಹಾಕೋಕಾಗಲ್ಲ. ಹೊಸ ಬೀಜ ಹಾಕಿ, ಕಪಾಟಿಗೆ ಬೀಗ ಹಾಕಿ. ಇನ್ನೊಂದೇ ಸಲ ಬರ್ತೀನಿ” ಎಂದು ಹೊರಟರು.

ಬೀಜ ಹಾಕಿದ್ದಾಯಿತು, ಬೀಗವೂ ಬಿತ್ತು. “ಬೀಗದಕೈ ನನ್ನ ಹತ್ರ ಇರಲಿ, ಅತ್ತೆ ಕೈಗೆ ಮಾತ್ರ ಬೇಡ” ಎಂದು ತಾಯಿ ಕೈ ಚಾಚಿದಳು. ಮಿಡತೆ ಆ ಕೈಯನ್ನು ದಾಟಿ ಹೋಗಿ ಬೀಗದಕೈಯನ್ನು ಅಜ್ಜಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

“ಅ-ಅಜ್ಜಿ ಹತ್ರನೇ ಇರ್ಲಿ.”

ಮರುದಿನ ಮಧ್ಯಾಹ್ನ ತಾಯಿ ಮಗಳು ಬಟ್ಟೆ ಕೊಡಲು ಹೊರಟರು. ಮನೆ ಖಾಲಿಯಾಯಿತು, ಅಡುಗೆಮನೆಯ ಕಟ್ಟೆಯ ಮೇಲೆ ಬಿಸಿಲು ಬಂದು ಬಿತ್ತು. ಅಜ್ಜಿ ಕಪಾಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಮುಷ್ಟಿಯೊಳಗಿನ ಬೀಗದಕೈ ಬೆವರಿಗೆ ಒದ್ದೆಯಾಗಿತ್ತು.

“ತಡ್ಕೋ ಕಂದಾ” ಎಂದಳು ಒಳಗಿನ ಜೀವಕ್ಕೆ ಕೇಳುವ ಹಾಗೆ. “ಹೊರಗೊಂದು ಮಗು ನನ್ನ ನಂಬ್ಕೊಂಡಿದೆ.”